ಬಿಸಿಲಲ್ಲಿ ಓಡೋಕೆ, ಬೆಟ್ಟ ಹತ್ತೋಕೆ ಎಂಥ ಟೀ ಶರ್ಟ್ ತಗೋಬೇಕು?

ನನ್ನ ಕಪಾಟಿನಲ್ಲಿ ಈಗ 14 ಡ್ರೈ ಫಿಟ್ ಟೀ ಶರ್ಟ್‌ಗಳಿವೆ. ಏಪ್ರಿಲ್ ಬಿಸಿಲು ಶುರುವಾದ ಮೇಲೆ ನಾನು ಕೈ ಹಾಕುವುದು ಅದರಲ್ಲಿ ಮೂರಕ್ಕೆ ಮಾತ್ರ. ಉಳಿದ ಹನ್ನೊಂದರ ಚೀಟಿಯ ಮೇಲೂ ಬರೆದಿರುವುದು ಅದೇ ಮಾತು. ಬೆವರು ಹೀರುತ್ತದೆ, ಬೇಗ ಒಣಗುತ್ತದೆ, ಮೈ ತಂಪಾಗಿಡುತ್ತದೆ. ಮೂರು ಮಾತ್ರ ಯಾಕೆ ಗೆದ್ದವು ಅಂತ ನನಗೂ ತುಂಬಾ ದಿನ ಗೊತ್ತಿರಲಿಲ್ಲ. ಕಬ್ಬನ್ ಪಾರ್ಕಿನಲ್ಲಿ ಹೊಸದಾಗಿ ಓಡಲು ಬರುವವರು ಪ್ರತಿ ಮಾರ್ಚಿನಲ್ಲೂ ಕೇಳುತ್ತಾರೆ, ಬೇಸಿಗೆಗೆ ಯಾವುದು ತಗೊಳ್ಳೋಣ ಅಂತ. ಒಂದು ಕಂಪನಿಯ ಹೆಸರು ಹೇಳಿ ಕೈ ತೊಳೆದುಕೊಂಡರೆ ಅವರಿಗೆ ಉಪಯೋಗವಿಲ್ಲ. ಯಾವ ಊರಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕುಮಾರಪರ್ವತದ ಕಥೆ. ಕೆಲವು ವರ್ಷದ ಹಿಂದೆ, ಜನವರಿಯಲ್ಲಿ ಹೋಗಿದ್ದೆವು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅಲ್ಲಿ ಚಾರಣ ನಿಲ್ಲಿಸುತ್ತಾರೆ, ಹಾಗಾಗಿ ಚಳಿಗಾಲವೇ ಸರಿ, ಸೆಕೆ ಇರಲ್ಲ ಅಂದುಕೊಂಡಿದ್ದೆ. ಕುಕ್ಕೆಯ ಕಡೆಯಿಂದ ಹತ್ತಿದೆವು. ಮೊದಲು ಸಿಗುವ ಕಾಡಿನಲ್ಲಿ ನೆರಳೇನೋ ಇದೆ, ಆದರೆ ಒಂದೇ ಸಮನೆ ಏರು, ಒಂದು ಎಲೆ ಅಲುಗುವಷ್ಟೂ ಗಾಳಿ ಇಲ್ಲ. ನಾನು ಹಾಕಿದ್ದು ಮೆತ್ತಗಿನ ದಪ್ಪ ಕಾಟನ್ ಟೀ ಶರ್ಟ್. ನಡುದಾರಿಯಲ್ಲಿ ಸಿಗುವ ಗಿರಿಗದ್ದೆ ಭಟ್ಟರ ಮನೆ ಮುಟ್ಟುವಷ್ಟರಲ್ಲಿ ಹಿಂಡಿದರೆ ನೀರು ಸುರಿಯುವ ಸ್ಥಿತಿ. ಅಲ್ಲಿಂದ ಮೇಲೆ ಪೂರಾ ಹುಲ್ಲುಗಾವಲು. ತಲೆಯ ಮೇಲೆ ಸೂರ್ಯ, ಎಲ್ಲೂ ಮರವಿಲ್ಲ. ಒದ್ದೆ ಬಟ್ಟೆ ಬ್ಯಾಗಿನ ಪಟ್ಟಿಯ ಕೆಳಗೆ ಉಜ್ಜಿ ಉಜ್ಜಿ ಎರಡೂ ಹೆಗಲು ಸುಲಿದು ಕೆಂಪಾದವು. ಆಮೇಲೆ, ತುದಿಗಿಂತ ಮುಂಚೆ ಸಿಗುವ ಶೇಷಪರ್ವತದ ಹತ್ತಿರ ಜೋರು ಗಾಳಿ ಬೀಸತೊಡಗಿತು. ಅದೇ ಬಟ್ಟೆ ಬೆನ್ನಿಗೆ ಅಂಟಿಕೊಂಡು ಮೈ ನಡುಗಲು ಶುರುವಾಯಿತು. ಎರಡು ಗಂಟೆಯ ಹಿಂದೆ ಸೆಕೆಯಲ್ಲಿ ಬೇಯುತ್ತಿದ್ದವಳಿಗೆ 1,712 ಮೀಟರ್ ಎತ್ತರದ ಶಿಖರದಲ್ಲಿ ಹಲ್ಲು ಕಟಕಟ. ಇಳಿದು ಬಂದ ಮೇಲೆ ಒಂದು ವಾರ ಭುಜದ ಮೇಲೆ ದುಪಟ್ಟಾ ತಾಗಿದರೂ ಉರಿ.

ಕಾಟನ್ ತಪ್ಪು, ಪಾಲಿಯೆಸ್ಟರ್ ಸರಿ ಅಂತ ಆಗ ತೀರ್ಮಾನಿಸಿಬಿಟ್ಟೆ. ಅದು ಪೂರ್ತಿ ನಿಜವಲ್ಲ ಅಂತ ಗೊತ್ತಾಗಿದ್ದು ಬಳ್ಳಾರಿಯಲ್ಲಿ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮುಂಚೆ ಮಡಕೆಯ ವಿಷಯ ಹೇಳಬೇಕು.

ನಮ್ಮ ಮನೆ ಉಡುಪಿಯ ಕಡೆ. ಅಕ್ಕನನ್ನು ಕೊಟ್ಟಿರುವುದು ಬಳ್ಳಾರಿಗೆ. ಅಕ್ಕನ ಮನೆಯ ಮಡಕೆ ನೀರು ಮೇ ತಿಂಗಳಲ್ಲಿ ಗಂಟಲಿಗೆ ಜುಮ್ ಅನ್ನುವಷ್ಟು ತಣ್ಣಗಿರುತ್ತದೆ. ಅಂಥದ್ದೇ ಮಡಕೆ ನಮ್ಮ ಅಮ್ಮನ ಅಡುಗೆಮನೆಯಲ್ಲೂ ಇದೆ, ಆದರೆ ಅದೇ ಮೇ ತಿಂಗಳಲ್ಲಿ ಅದರ ನೀರು ಸುಮ್ನೆ ಸ್ವಲ್ಪ ತಂಪು, ಅಷ್ಟೇ. ಮಣ್ಣಿನ ದೋಷ ಅಲ್ಲ ಅದು. ಮಡಕೆಯ ಹೊರಮೈಗೆ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಬಳ್ಳಾರಿಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟಿದರೂ ಗಾಳಿ ಒಣ, ನೀರು ಕಂಡರೆ ಕುಡಿದುಬಿಡುತ್ತದೆ. ಕರಾವಳಿಯಲ್ಲಿ ಉಷ್ಣತೆ 33–34 ಇದ್ದರೂ ಗಾಳಿಯ ಹೊಟ್ಟೆ ಆಗಲೇ ತುಂಬಿರುತ್ತದೆ. ಬೆಳಗಿನ ಹೊತ್ತು ತೇವಾಂಶ ಶೇ. 80 ದಾಟಿರುತ್ತದೆ. ಇನ್ನೂ ನೀರು ತಗೋ ಅಂದರೆ ಎಲ್ಲಿ ತಗೊಳ್ಳುತ್ತದೆ?

ನಮ್ಮ ಮೈ ಕೂಡ ಆ ಮಡಕೆಯ ಹಾಗೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ನನ್ನ ತೂಕದವರು, ಅಂದರೆ 58 ಕೆಜಿಯವರು, 10 ಕಿಲೋಮೀಟರ್ ಓಡಿದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಖರ್ಚಾಗುತ್ತದೆ, ಅದರ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬರೀ ಶಾಖವಾಗಿ ಹೊರಗೆ ಬರಬೇಕು. ಅಂದರೆ ಮುಕ್ಕಾಲು ಲೀಟರ್ ಬೆವರು ಆವಿಯಾಗಬೇಕು. ಆವಿಯಾಗಬೇಕು ಅನ್ನುವ ಮಾತನ್ನು ಗಮನಿಸಿ. ಮೂಗಿನ ತುದಿಯಿಂದ, ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಯಾವ ಲಾಭವೂ ಇಲ್ಲ. ಮಲ್ಪೆಯ ಕಡಲ ದಂಡೆಯಲ್ಲಿ ಓಡುವಾಗ ನನ್ನಿಂದ ತೊಟ್ಟಿಕ್ಕುವಷ್ಟು ಬೆವರು ಬೆಂಗಳೂರಲ್ಲಿ ಯಾವತ್ತೂ ತೊಟ್ಟಿಕ್ಕಿಲ್ಲ, ಆದರೂ ಅಲ್ಲೇ ಬೇಗ ಸುಸ್ತಾಗುತ್ತದೆ.

ಒಳ್ಳೆಯ ಟೀ ಶರ್ಟ್ ಅಂದರೆ ಬೆವರು ಆರುವುದಕ್ಕೆ ಅಡ್ಡ ಬರದ ಟೀ ಶರ್ಟ್. ಅದು ಎಸಿ ಅಲ್ಲ. ಮೈಯನ್ನು ಇಷ್ಟು ಡಿಗ್ರಿ ತಂಪು ಮಾಡುತ್ತೇವೆ ಅಂತ ಚೀಟಿಯಲ್ಲಿ ಬರೆದಿದ್ದರೆ ನಾನು ಅದನ್ನು ಓದುವುದೇ ಇಲ್ಲ.

ಈಗ ನೂಲಿನ ಮಾತು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದನ್ನು ನೋಡಿದ್ದೀರಲ್ವಾ, ಎಳೆಗಳ ಮಧ್ಯದ ಸಣ್ಣ ಸಂದಿಗಳಲ್ಲಿ ಎಣ್ಣೆ ತಾನಾಗಿ ಏರುತ್ತದೆ. ಬೆವರು ಹೀರುವ ಬಟ್ಟೆಯ ಕೆಲಸವೂ ಇದೇ. ಹತ್ತಿಯೂ ಹೀಗೆ ಎಳೆಯುತ್ತದೆ, ಬತ್ತಿ ಹತ್ತಿಯದೇ ತಾನೆ. ಆದರೆ ಹತ್ತಿಯ ಎಳೆ ತಾನೂ ನೀರು ಕುಡಿದು ಉಬ್ಬುತ್ತದೆ. ಸುಮ್ಮನೆ ಗಾಳಿಗೆ ಇಟ್ಟ ಹತ್ತಿಯ ಎಳೆಯಲ್ಲೇ ಅದರ ತೂಕದ ಶೇ. 8ರಷ್ಟು ತೇವ ಇರುತ್ತದೆ, ಪಾಲಿಯೆಸ್ಟರ್‌ನಲ್ಲಿ ಶೇ. 0.4 ಮಾತ್ರ. ನೈಲಾನ್ ಇವೆರಡರ ನಡುವೆ, ಶೇ. 4ರ ಆಸುಪಾಸು. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದಿಲ್ಲ, ಬೆವರು ಎಳೆಗಳ ಸಂದಿಯಲ್ಲಿ ಹರಡಿಕೊಂಡು ಹೊರಮೈಗೆ ಬರುತ್ತದೆ, ಗಾಳಿಗೆ ಆರುತ್ತದೆ. ಎಳೆಯ ಉದ್ದಕ್ಕೂ ಕಾಲುವೆಯಂಥ ಗೀರು ಮಾಡಿದರೆ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ. ಡುಪಾಂಟ್ ಕಂಪನಿ 1986ರಲ್ಲಿ ತಂದ ಕೂಲ್‌ಮ್ಯಾಕ್ಸ್ ನೂಲಿನ ಗುಟ್ಟು ಇದೇ.

ಮನೆಯ ಅಡುಗೆ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿದೆ. ಒಣಗಿದ್ದಾಗ ನನ್ನ ಕಾಟನ್ ಟೀ ಶರ್ಟ್ ಸುಮಾರು 180 ಗ್ರಾಂ, ಪಾಲಿಯೆಸ್ಟರಿನದು 110. ಎರಡನ್ನೂ ನೀರಲ್ಲಿ ಅದ್ದಿ ಕೈಯಿಂದ ಚೆನ್ನಾಗಿ ಹಿಂಡಿದ ಮೇಲೆ ಕಾಟನ್ 350 ದಾಟಿತ್ತು, ಪಾಲಿಯೆಸ್ಟರ್ 160ರ ಹತ್ತಿರ. ಬಾಲ್ಕನಿಯಲ್ಲಿ ಹರವಿದೆ. ಪಾಲಿಯೆಸ್ಟರ್ ಒಂದು ಗಂಟೆಯೊಳಗೆ ಒಣಗಿ ಹಗುರಾಗಿತ್ತು, ಕಾಟನ್ನಿನ ಬಗಲು ಸಂಜೆಗೂ ತಣ್ಣಗಿತ್ತು. ಕುಮಾರಪರ್ವತದಲ್ಲಿ ನಾನು ಹೊತ್ತದ್ದು ಆ ಭಾರ.

ಬಿದಿರಿನ ಬಟ್ಟೆ ಅಂತ ಈಗ ಜೋರಾಗಿ ಮಾರುತ್ತಾರೆ. ಬಿದಿರಿನಿಂದ ಮಾಡಿದ ವಿಸ್ಕೋಸ್ ಅದು, ಅಂದರೆ ರೇಯಾನ್. ಮುಟ್ಟಲು ತಂಪು, ನುಣುಪು, ಮನೆಯಲ್ಲಿ ಹಾಕಲು ತುಂಬಾ ಚೆಂದ. ಆದರೆ ಹತ್ತಿಗಿಂತಲೂ ಜಾಸ್ತಿ ನೀರು ಕುಡಿಯುತ್ತದೆ, ಒದ್ದೆಯಾದರೆ ಜೋತು ಬೀಳುತ್ತದೆ. ಓಡಲು ಬೇಡ. ಮೆರಿನೋ ಉಣ್ಣೆಯದ್ದು ಬೇರೆ ಲೆಕ್ಕ. ನಾಲ್ಕು ದಿನ ಹಾಕಿದರೂ ನಾರುವುದಿಲ್ಲ, ಹಿಮಾಲಯದ ಚಾರಣಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಒಂದಕ್ಕೆ ಕೆಲವು ಸಾವಿರ ರೂಪಾಯಿ, ಒಣಗುವುದೂ ಪಾಲಿಯೆಸ್ಟರಿಗಿಂತ ನಿಧಾನ. ನಮ್ಮ ಕಡೆಯ ಒಂದು ದಿನದ ಬೆಟ್ಟಕ್ಕೆ ಅಷ್ಟು ಖರ್ಚು ಬೇಕಿಲ್ಲ.

ಇಷ್ಟಾದ ಮೇಲೂ ನನ್ನ ಹನ್ನೊಂದು ಪಾಲಿಯೆಸ್ಟರ್ ಟೀ ಶರ್ಟ್‌ಗಳು ಯಾಕೆ ಸೋತವು? ನೂಲಿಗಿಂತ ಹೆಣಿಗೆ ಮುಖ್ಯ, ಅದಕ್ಕೆ. ಟೀ ಶರ್ಟ್ ಬಟ್ಟೆಯನ್ನು ನೇಯುವುದಿಲ್ಲ, ಹೆಣೆಯುತ್ತಾರೆ. ಕುಣಿಕೆ ಒತ್ತೊತ್ತಾಗಿದ್ದರೆ ಅದೇ ಪಾಲಿಯೆಸ್ಟರ್ ಪ್ಲಾಸ್ಟಿಕ್ ಚೀಲದ ಹಾಗೆ ಸೆಕೆ ಹಿಡಿಯುತ್ತದೆ. ಸಣ್ಣ ಸಣ್ಣ ತೂತಿನ ಹೆಣಿಗೆ ಇದ್ದರೆ ಗಾಳಿ ಆಡುತ್ತದೆ. ಅಂಗಡಿಯಲ್ಲಿ ಡಾಟ್ ನಿಟ್, ಮೆಶ್ ಅಂತೆಲ್ಲ ಹೇಳುತ್ತಾರೆ, ಹೆಸರು ನೆನಪಿಡಬೇಕಾಗಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಚುಕ್ಕೆ ಚುಕ್ಕೆ ಬೆಳಕು ಕಾಣಬೇಕು. ಆಮೇಲೆ ಬಾಯಿಗೆ ಹತ್ತಿರ ಹಿಡಿದು ಊದಿ, ಇನ್ನೊಂದು ಬದಿಯಲ್ಲಿಟ್ಟ ಅಂಗೈಗೆ ಉಸಿರು ತಾಗಬೇಕು. ಇದನ್ನು ನಾನು ಪ್ರತಿ ಅಂಗಡಿಯಲ್ಲೂ ಮಾಡುತ್ತೇನೆ, ಪಕ್ಕದವರು ತಿರುಗಿ ನೋಡಿದರೂ ಪರವಾಗಿಲ್ಲ, ಏಕೆಂದರೆ ಈ ಒಂದು ಪರೀಕ್ಷೆಯಿಂದ ಉಳಿದಷ್ಟು ದುಡ್ಡು ನನಗೆ ಬೇರೆ ಯಾವುದರಿಂದಲೂ ಉಳಿದಿಲ್ಲ.

ಇನ್ನೊಂದು, ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಮಾಮೂಲಿ ಕಾಟನ್ ಟೀ ಶರ್ಟ್ 160ರಿಂದ 200 ಇರುತ್ತದೆ, ಕಾಲರ್ ಇರುವ ದಪ್ಪ ಪೋಲೋ 220ರ ತನಕ. ಬಿಸಿಲಲ್ಲಿ ಓಡಲು ನನಗೆ 100ರಿಂದ 120 ಸಾಕು. ಬ್ಯಾಗ್ ಹೊತ್ತು ಬೆಟ್ಟ ಹತ್ತಲು 130ರಿಂದ 150. ಆನ್‌ಲೈನಿನಲ್ಲಿ ಮಾರುವವರು ಇದನ್ನು ಬರೆದಿರುತ್ತಾರೆ, ಬರೆದಿಲ್ಲದಿದ್ದರೆ ಟೀ ಶರ್ಟಿನ ತೂಕವನ್ನಾದರೂ ಕೇಳಿ. ಎಂ ಸೈಜಿನದು 120 ಗ್ರಾಂ ಒಳಗಿದ್ದರೆ ಬೇಸಿಗೆಗೆ ನಡೆಯುತ್ತದೆ.

ಓಟದ ಸ್ಪರ್ಧೆಗಳಲ್ಲಿ ಕೊಡುವ ಟೀ ಶರ್ಟ್ ಬಗ್ಗೆ ಹೇಳಲೇಬೇಕು, ಬೆಂಗಳೂರಲ್ಲಿ ಓಡುವವರ ಮನೆಯಲ್ಲಿ ಇವು ರಾಶಿ ಬಿದ್ದಿರುತ್ತವೆ. ನನ್ನ ಹನ್ನೊಂದರಲ್ಲಿ ಏಳು ಇಂಥವೇ. ಬಟ್ಟೆ ಪರವಾಗಿಲ್ಲ. ತೊಂದರೆ ಇರುವುದು ಎದೆಯ ಮೇಲೆ ಮತ್ತು ಬೆನ್ನ ತುಂಬಾ ಒತ್ತಿದ ರಬ್ಬರಿನಂಥ ಪ್ರಿಂಟಿನಲ್ಲಿ. ಬೆವರು ಜಾಸ್ತಿ ಬರುವುದೇ ಎದೆ, ಬೆನ್ನಿನ ಮಧ್ಯೆ. ಸರಿಯಾಗಿ ಅಲ್ಲೇ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಬಟ್ಟೆ ಎಷ್ಟು ಒಳ್ಳೆಯದಿದ್ದು ಏನು ಪ್ರಯೋಜನ? ನೂಲಿಗೇ ಬಣ್ಣ ಇಳಿಸುವ ಸಬ್ಲಿಮೇಶನ್ ಪ್ರಿಂಟ್ ಅಂತ ಇದೆ, ಅದರಲ್ಲಿ ತೂತು ಮುಚ್ಚುವುದಿಲ್ಲ, ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಸ್ಪರ್ಧೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅದನ್ನೇ ಮಾಡಿಸಿ. ಬೆಂಗಳೂರಿನ ದೊಡ್ಡ 10ಕೆ ಓಟ 2008ರಲ್ಲಿ ಶುರುವಾದಾಗಿನಿಂದ ಹೆಚ್ಚಿನ ವರ್ಷ ನಡೆದಿರುವುದು ಏಪ್ರಿಲ್, ಮೇ ತಿಂಗಳಲ್ಲೇ. ಇಲ್ಲಿ ತಂಪು ಅಂತ ಹೆಸರು, ಆದರೆ 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ಆಗಿತ್ತು.

ಈಗ ಬಳ್ಳಾರಿ. ಹೋದ ವರ್ಷ ಬೇಸಿಗೆ ರಜೆಗೆ ಅಕ್ಕನ ಮನೆಗೆ ಹೋದಾಗ ಭಾವನ ಜೊತೆ ಕೋಟೆ ಗುಡ್ಡದ ಸುತ್ತ ಓಡಲು ಹೋದೆ. ನನ್ನದು ಅತಿ ತೆಳುವಾದ ಮೆಶ್ ಟೀ ಶರ್ಟ್. ಭಾವನದು ಹಳೆಯ ತೆಳು ಕಾಟನ್ ಬನಿಯನ್, ಕುತ್ತಿಗೆಗೆ ನೀರಲ್ಲಿ ಅದ್ದಿದ ಟವೆಲ್. ಬೆಳಗ್ಗೆ ಏಳೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಬಟ್ಟೆಯಲ್ಲಿ ಬೆವರು ನಿಲ್ಲುತ್ತಲೇ ಇರಲಿಲ್ಲ, ಬಂದ ಹಾಗೆ ಆರಿಹೋಗಿ ತೋಳಿನ ಮೇಲೆ ಬಿಳಿ ಉಪ್ಪು ಕಟ್ಟಿತ್ತು. ಬಟ್ಟೆ ಒಣಗಿದೆ, ಮೈ ಮಾತ್ರ ಬೆಂಕಿ. ಭಾವ ನಕ್ಕು ಹೇಳಿದರು, "ನಿಮ್ ಬೆಂಗ್ಳೂರು ಅಂಗಿ ಇಲ್ಲಿ ನಡೆಯಲ್ಲಮ್ಮ. ನೀರೇ ನಿಲ್ಲದಿದ್ರೆ ಮೈ ಹೆಂಗ ತಣ್ಣಗಾಗ್ತೈತೆ?" ಕೈಯಲ್ಲಿದ್ದ ಬಾಟಲಿಯ ನೀರನ್ನು ನನ್ನ ಹೆಗಲ ಮೇಲೆ ಸುರಿದುಕೊಂಡೆ. ಹತ್ತು ನಿಮಿಷ ಹಾಯಾಗಿತ್ತು, ಮತ್ತೆ ಒಣಗಿತು. ಅವರ ಬನಿಯನ್ ಮಾತ್ರ ಕೊನೆಯ ತನಕ ಒದ್ದೆ ಇತ್ತು, ತಂಪಾಗಿಯೂ ಇತ್ತು.

ಭಾವ ಹೇಳಿದ್ದು ಸರಿ. ಒಣ ಗಾಳಿಯ ಊರಲ್ಲಿ ಬೆವರು ಆರುವುದಕ್ಕೆ ಯಾವ ಸಹಾಯವೂ ಬೇಕಾಗಿಲ್ಲ, ಅದು ತಾನೇ ಆರುತ್ತದೆ. ಅಲ್ಲಿ ನೀರನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಟ್ಟೆ ಬೇಕು, ಮಡಕೆಯ ಮಣ್ಣು ಹಿಡಿದಿಟ್ಟ ಹಾಗೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಇಳಿಯುವವರಿಗೂ ಬೇಸಿಗೆಯಲ್ಲಿ ಅಂಗಿ, ಟೋಪಿ ಒದ್ದೆ ಮಾಡಿಕೊಳ್ಳಿ ಅಂತ ಅಲ್ಲಿನ ಪಾರ್ಕಿನವರೇ ಹೇಳುತ್ತಾರೆ. ಹಾಗಾಗಿ ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಓಡುವವರು, ಸಂಡೂರಿನ ಗುಡ್ಡ ಹತ್ತುವವರು ತೆಳು ಕಾಟನ್ ಅಥವಾ ಕಾಟನ್ ಪಾಲಿಯೆಸ್ಟರ್ ಬೆರಕೆ ಬಟ್ಟೆ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಎರಡು ಷರತ್ತು. ಬಟ್ಟೆ ದಪ್ಪ ಇರಬಾರದು, ಸುರಿದುಕೊಳ್ಳಲು ಹೆಚ್ಚುವರಿ ನೀರು ಕೈಯಲ್ಲಿರಬೇಕು. ನೀರು ಕಡಿಮೆ ಇದ್ದರೆ ಮೊದಲು ಕುಡಿಯಲು, ಆಮೇಲೆ ಬಟ್ಟೆಗೆ.

ಕರಾವಳಿಯಲ್ಲಿ ಇದರ ಪೂರಾ ಉಲ್ಟಾ. ಅಲ್ಲಿ ನೀರು ಹಿಡಿದಿಡುವ ಬಟ್ಟೆ ಬೇಡವೇ ಬೇಡ. ಎಷ್ಟು ತೆಳು ಸಾಧ್ಯವೋ ಅಷ್ಟು ತೆಳು, ಎಷ್ಟು ತೂತು ಸಾಧ್ಯವೋ ಅಷ್ಟು ತೂತು. ಸೂರ್ಯ ಹುಟ್ಟುವ ಮುಂಚೆ ಓಡುವುದಾದರೆ ಕೈಯಿಲ್ಲದ ಸಿಂಗ್ಲೆಟ್ ಎಲ್ಲಕ್ಕಿಂತ ಒಳ್ಳೆಯದು. ಬಟ್ಟೆಯ ಹೊರಮೈಯಲ್ಲಿ ಆರುವ ಬೆವರಿನ ತಂಪು ಒಂದಷ್ಟು ಬಟ್ಟೆಗೇ ಹೋಗುತ್ತದೆ, ಬರಿ ಚರ್ಮದ ಮೇಲೆ ಆರಿದ ಬೆವರು ಪೂರ್ತಿ ನಿಮ್ಮದು. ಮನೆಗೆ ಹೋದಾಗ ನಾನು ಬೆಳಗ್ಗೆ ಐದೂವರೆಗೆ ಸಿಂಗ್ಲೆಟ್ ಹಾಕಿ ಹೊರಡುತ್ತೇನೆ, ಮೊದಮೊದಲು ಅಮ್ಮನಿಗೆ ಇಷ್ಟವಿರಲಿಲ್ಲ, ಈಗ ಏನೂ ಹೇಳುವುದಿಲ್ಲ.

ಅಳತೆಯ ವಿಷಯದಲ್ಲಿ ನನಗೆ ಒಂದು ದೂರಿದೆ. ಹೆಂಗಸರ ವಿಭಾಗದಲ್ಲಿ ಸಿಗುವ ಟೀ ಶರ್ಟ್‌ಗಳಲ್ಲಿ ಹೆಚ್ಚಿನವು ಮೈಗೆ ಅಂಟುವ ಹಾಗೆ ಹೊಲಿದವು, ಗಿಡ್ಡ, ಬಗಲು ಬಿಗಿ. ನೋಡಲು ಚೆಂದ ಇರಬಹುದು. ಬಿಸಿಲಿಗೆ ಸಡಿಲ ಬಟ್ಟೆ ಬೇಕು, ಬಟ್ಟೆಗೂ ಮೈಗೂ ನಡುವೆ ಗಾಳಿ ಓಡಾಡಬೇಕು, ಹೆಜ್ಜೆ ಹಾಕಿದಾಗಲೆಲ್ಲ ಬಟ್ಟೆ ಬೀಸಣಿಗೆಯ ಹಾಗೆ ಅಲುಗಬೇಕು. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ಪ್ರಕಟಿಸಿದ್ದರು. ಕಪ್ಪು ಬಟ್ಟೆ ಬಿಳಿಗಿಂತ ಬಿಸಿಯಾದರೂ, ನಿಲುವಂಗಿ ಸಡಿಲವಾಗಿದ್ದರಿಂದ ಒಳಗಿನ ಮೈಗೆ ತಾಗುವ ಶಾಖ ಎರಡರಲ್ಲೂ ಒಂದೇ ಆಗಿತ್ತು. ನಾನು ಈಗ ಗಂಡಸರ ವಿಭಾಗದಿಂದ ಎಸ್ ಅಥವಾ ಎಂ ತಗೊಳ್ಳುತ್ತೇನೆ. ಉದ್ದವೂ ಸಾಕಷ್ಟಿರುತ್ತದೆ, ಬೆಟ್ಟದಲ್ಲಿ ಬಗ್ಗಿದಾಗ ಬೆನ್ನು ಕಾಣುವುದಿಲ್ಲ. ತೀರಾ ದೊಗಲೆ ಬೇಡ, ಒದ್ದೆಯಾದಾಗ ಮಡಿಕೆ ಬಿದ್ದು ಉಜ್ಜುತ್ತದೆ. ಟ್ರಯಲ್ ರೂಮಿನಲ್ಲಿ ಎರಡೂ ಕೈ ಮೇಲೆತ್ತಿ, ಓಡುವ ಹಾಗೆ ಬೀಸಿ ನೋಡಿ. ಬಿಳಿ, ತಿಳಿ ಹಳದಿ ತೆಳು ಬಟ್ಟೆಯಾದರೆ ಒದ್ದೆ ಬೆರಳಿನಿಂದ ಒಂದು ಕಡೆ ಮುಟ್ಟಿ ನೋಡಿ, ಒಳಗಿನದು ಎಷ್ಟು ಕಾಣುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹೊಲಿಗೆಯನ್ನು ಮರೆಯಬೇಡಿ. ಟೀ ಶರ್ಟನ್ನು ಒಳಗಿನಿಂದ ಹೊರಗೆ ತಿರುಗಿಸಿ, ಬಗಲು ಮತ್ತು ಭುಜದ ಹೊಲಿಗೆಯ ಮೇಲೆ ಕೆನ್ನೆ ಉಜ್ಜಿ. ಕೆನ್ನೆಗೆ ಚುಚ್ಚಿದರೆ 15 ಕಿಲೋಮೀಟರ್ ಆದ ಮೇಲೆ ಬಗಲನ್ನು ಕೊಯ್ಯುತ್ತದೆ. ಚಪ್ಪಟೆ ಹೊಲಿಗೆ ಇದ್ದರೆ ಒಳ್ಳೆಯದು. ಚಾರಣಕ್ಕಾದರೆ ರ್ಯಾಗ್ಲನ್ ತೋಳು ಹುಡುಕಿ. ಅಂದರೆ ತೋಳಿನ ಹೊಲಿಗೆ ಕುತ್ತಿಗೆಯಿಂದ ಬಗಲಿಗೆ ಓರೆಯಾಗಿ ಇಳಿದಿರುತ್ತದೆ, ಭುಜದ ನೆತ್ತಿಯ ಮೇಲೆ ಹೊಲಿಗೆ ಇರುವುದಿಲ್ಲ, ಬ್ಯಾಗಿನ ಪಟ್ಟಿಗೆ ಅಡಚಣೆ ಇಲ್ಲ. ಕತ್ತಿನ ಹಿಂದಿನ ಚೀಟಿ ಬಟ್ಟೆಗೇ ಅಚ್ಚು ಹಾಕಿದ್ದಿರಲಿ, ಹೊಲಿದಿದ್ದರೆ ಕತ್ತರಿಸುವಾಗ ಮೊಂಡು ಉಳಿಯುತ್ತದೆ. ಹೆಂಗಸರಿಗೆ ಸ್ಪೋರ್ಟ್ಸ್ ಬ್ರಾ ಪಟ್ಟಿಯ ಕೆಳಗೆ ಉಜ್ಜುತ್ತದೆ, ಅಲ್ಲಿ ವ್ಯಾಸಲಿನ್ ಹಚ್ಚಿಕೊಳ್ಳಿ. ಗಂಡಸರಿಗೆ ಇನ್ನೊಂದು ಕಷ್ಟ. ನನ್ನ ಗಂಡ ಮೊದಲ ಹಾಫ್ ಮ್ಯಾರಥಾನ್ ಮುಗಿಸಿ ಬಂದಾಗ ತಿಳಿ ನೀಲಿ ಟೀ ಶರ್ಟಿನ ಎದೆಯ ಮೇಲೆ ಎರಡು ರಕ್ತದ ಗೆರೆ ಇಳಿದಿತ್ತು, ನನ್ನ ಎದೆ ಧಸಕ್ಕೆಂದಿತು. ಮೊಲೆತೊಟ್ಟು ಬಟ್ಟೆಗೆ ಉಜ್ಜಿ ಹಾಗಾಗುತ್ತದೆ, ಓಡುವ ಗಂಡಸರಲ್ಲಿ ತುಂಬಾ ಜನಕ್ಕೆ ಆಗುತ್ತದೆ, ನಾಚಿಕೆಗೆ ಯಾರೂ ಹೇಳುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಪೇಪರ್ ಟೇಪಿನ ಎರಡು ತುಂಡು ಅಂಟಿಸಿಕೊಂಡರೆ ಮುಗಿಯಿತು.

ಬಿಸಿಲು ಅಂದರೆ ಸೆಕೆ ಮಾತ್ರ ಅಲ್ಲ, ಚರ್ಮ ಸುಡುವುದೂ ಇದೆ. ಸಾವನದುರ್ಗದ ಕರಿಗುಡ್ಡದ ಬಂಡೆಯ ಮೇಲೆ ಹತ್ತು ಗಂಟೆಯ ನಂತರ ಇರುವವರಿಗೆ ಗೊತ್ತು, ಬಿಸಿಲು ಮೇಲಿನಿಂದಲೂ ಬರುತ್ತದೆ, ಬಂಡೆಯಿಂದಲೂ ಬರುತ್ತದೆ. ಬೆಟ್ಟಕ್ಕೆ ನಾನು ಈಗ ಅರ್ಧ ತೋಳು ಬಿಟ್ಟೇಬಿಟ್ಟಿದ್ದೇನೆ, ತುಂಬು ತೋಳಿನ ತೆಳು ಪಾಲಿಯೆಸ್ಟರ್, ಕುತ್ತಿಗೆ ಮುಚ್ಚುವ ಕಾಲರ್ ಅಥವಾ ಜಿಪ್. ಮುಂದೆ ಜಿಪ್ ಇದ್ದರೆ ಕಾಡಿನ ಏರಿನಲ್ಲಿ ತೆರೆದು, ಬಯಲಿಗೆ ಬಂದಾಗ ಮುಚ್ಚಬಹುದು. ಯುಪಿಎಫ್ 50 ಅಂತ ಬರೆದಿದ್ದರೆ ಬಿಸಿಲಿನ ನೇರಳಾತೀತ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ ಅಂತ ಅರ್ಥ. ತೆಳುವಾದ ಬಿಳಿ ಕಾಟನ್ ಟೀ ಶರ್ಟ್ ಇದರ ಹತ್ತಿರಕ್ಕೂ ಬರುವುದಿಲ್ಲ, ಒದ್ದೆಯಾದರೆ ಇನ್ನೂ ಕಡಿಮೆ. ಇಲ್ಲಿ ಒಂದು ತಿಕ್ಕಾಟ ಇದೆ. ಗಾಳಿ ಆಡುವ ತೂತಿನಲ್ಲೇ ಬಿಸಿಲೂ ನುಗ್ಗುತ್ತದೆ. ಹಾಗಾಗಿ ಬೆಳಗ್ಗೆ ಒಂದು ಗಂಟೆ ಓಡಲು ಮೆಶ್, ಇಡೀ ದಿನ ಬೆಟ್ಟಕ್ಕೆ ಸ್ವಲ್ಪ ಒತ್ತು ಹೆಣಿಗೆ. ಬಣ್ಣ ತಿಳಿ ಇರಲಿ. ಗಾಢ ಬಣ್ಣ ಆ ಕಿರಣವನ್ನು ಚೆನ್ನಾಗಿ ತಡೆಯುತ್ತದೆ ಅನ್ನುವುದು ನಿಜ, ಆದರೆ ಬೆನ್ನಿಗಂಟಿದ ತೆಳು ಕಪ್ಪು ಬಟ್ಟೆ ಬಿಸಿಲಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ನನ್ನದು ತಿಳಿ ಬೂದು.

ಮಲೆನಾಡಿನ ಕಡೆ ಹೋಗುವವರಿಗೆ ತುಂಬು ತೋಳಿಗೆ ಇನ್ನೊಂದು ಕಾರಣ ಇದೆ. ಒಣಗಾಲದಲ್ಲಿ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಮೈಗೆ ಹತ್ತುತ್ತದೆ. ಮಂಗನ ಕಾಯಿಲೆ ಅಂತ ನಾವು ಕರೆಯುವ ಕ್ಯಾಸನೂರು ಕಾಡಿನ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲೇ ಮೊದಲು ಪತ್ತೆಯಾಗಿದ್ದು, ಹರಡುವುದು ಉಣುಗಿನಿಂದ. ತಿಳಿ ಬಣ್ಣದ ಬಟ್ಟೆ ಆದರೆ ಹತ್ತಿದ್ದು ಕಣ್ಣಿಗೆ ಬೀಳುತ್ತದೆ. ಪ್ಯಾಂಟಿನ ಅಂಚನ್ನು ಸಾಕ್ಸಿನ ಒಳಗೆ, ಅಂಗಿಯನ್ನು ಪ್ಯಾಂಟಿನ ಒಳಗೆ ಸಿಕ್ಕಿಸಿ. ತೀರಾ ಸಡಿಲ ಹೆಣಿಗೆಯ ಮೆಶ್ ಅಲ್ಲಿ ಬೇಡ, ಲಂಟಾನದ ಮುಳ್ಳಿಗೆ ಸಿಕ್ಕಿದರೆ ಎಳೆ ಕಿತ್ತುಬರುತ್ತದೆ.

ಬೆನ್ನಿನ ಬಗ್ಗೆ ಹೇಳುವುದಾದರೆ, ಬ್ಯಾಗ್ ಒತ್ತಿಕೊಂಡಿರುವ ಜಾಗದಲ್ಲಿ ಯಾವ ಬಟ್ಟೆಯೂ ಆರುವುದಿಲ್ಲ. ಅದಕ್ಕೆ ಟೀ ಶರ್ಟಿನಲ್ಲಿ ಪರಿಹಾರವಿಲ್ಲ, ಬ್ಯಾಗಿನಲ್ಲಿದೆ. ಬಲೆಯ ಬೆನ್ನಿರುವ ಬ್ಯಾಗ್ ನೋಡಿ. ನಿಂತಾಗಲೆಲ್ಲ ಬ್ಯಾಗ್ ಇಳಿಸಿ. ತುದಿ ಮುಟ್ಟಿದ ಮೇಲೆ ಬದಲಾಯಿಸಲು ಒಂದು ಒಣ ಟೀ ಶರ್ಟ್ ಬ್ಯಾಗಿನಲ್ಲಿ ಇಡಿ, 110 ಗ್ರಾಂ ಅಷ್ಟೇ ಅಲ್ವಾ.

ವಾಸನೆ. ಪಾಲಿಯೆಸ್ಟರಿನ ದೊಡ್ಡ ದೋಷ ಇದು. ನೀರನ್ನು ಬೇಡ ಅನ್ನುವ ಎಳೆ ಎಣ್ಣೆಯನ್ನು ಬಿಡುವುದಿಲ್ಲ, ಮೈಯ ಜಿಡ್ಡು ಅದಕ್ಕೆ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಒಗೆದು ಒಣಗಿಸಿದಾಗ ಏನೂ ಇರುವುದಿಲ್ಲ, ಹಾಕಿಕೊಂಡು ಹತ್ತು ನಿಮಿಷ ಬೆವರಿದರೆ ಹಳೆಯ ವಾಸನೆ ಎದ್ದು ಬರುತ್ತದೆ. ಓಡಿ ಬಂದು ಬ್ಯಾಗಿನಲ್ಲೇ ಮರೆತಿದ್ದ ನನ್ನ ಟೀ ಶರ್ಟನ್ನು ಅಮ್ಮ ಎರಡು ಬೆರಳಲ್ಲಿ ಎತ್ತಿ, "ಎಂತ ಮಾರಾಯ್ತಿ ಇದು, ಒಣಮೀನು ಕಟ್ಟಿಟ್ಟಿದ್ಯಾ?" ಅಂದಿದ್ದರು. ಅವತ್ತಿನಿಂದ ಮನೆಗೆ ಬಂದ ಕೂಡಲೇ, ಸ್ನಾನ ಮಾಡುವಾಗಲೇ, ನೀರಲ್ಲಿ ಜಾಲಿಸಿ ಹಾಕುತ್ತೇನೆ. ಉಪ್ಪು, ಜಿಡ್ಡು ಒಣಗುವ ಮುಂಚೆ ಹೋದರೆ ಅರ್ಧ ಗೆದ್ದ ಹಾಗೆ. ತಿಂಗಳಿಗೊಮ್ಮೆ ಒಂದು ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ ಒಗೆಯುತ್ತೇನೆ. ಬಟ್ಟೆ ಮೆತ್ತಗಾಗಲಿ ಅಂತ ಕೊನೆಯಲ್ಲಿ ಹಾಕುವ ಪರಿಮಳದ ದ್ರವ ಮಾತ್ರ ಬೇಡವೇ ಬೇಡ. ಅದು ಎಳೆಯ ಮೇಲೆ ಪದರ ಕಟ್ಟಿ ಬೆವರು ಹರಿಯುವ ಸಂದಿ ಮುಚ್ಚುತ್ತದೆ. ಬಿಸಿನೀರು ಬೇಡ, ಇಸ್ತ್ರಿ ಬೇಡ, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ನೀರಿಗೆ ಸೇರುತ್ತದೆ ಅನ್ನುವುದು ನನಗೆ ನಿಜವಾಗಿ ಚುಚ್ಚುವ ವಿಷಯ. ಹಳೆಯ ಬಾಟಲಿಯಿಂದ ಮಾಡಿದ ಪಾಲಿಯೆಸ್ಟರ್ ಆದರೂ ಎಳೆ ಬಿಡುವುದು ಬಿಡುವುದೇ. ಅದಕ್ಕೇ ಹೊಸದು ಕೊಳ್ಳುವುದನ್ನು ಕಡಿಮೆ ಮಾಡಿದ್ದೇನೆ, ಇರುವುದನ್ನು ಹರಿಯುವ ತನಕ ಹಾಕುತ್ತೇನೆ.

ಬೆಲೆ ಹೇಳಿ ಅಂತ ಕೇಳುತ್ತೀರಿ. ನನ್ನ ಮೂರರಲ್ಲಿ ಒಂದು 399, ಇನ್ನೊಂದು 599, ತುಂಬು ತೋಳಿನದು 999. ಎರಡು ಸಾವಿರ ದಾಟಿದ ಒಂದು ಟೀ ಶರ್ಟ್ ಆ ಹನ್ನೊಂದರ ರಾಶಿಯಲ್ಲಿದೆ, ಹೆಣಿಗೆ ಒತ್ತು, ಊದಿದರೆ ಉಸಿರು ದಾಟುವುದಿಲ್ಲ. ತಿರುಪ್ಪೂರಿನಲ್ಲಿ, ನಮ್ಮ ಪೀಣ್ಯದಲ್ಲಿ ಹೊಲಿದ ಎಷ್ಟೋ ಟೀ ಶರ್ಟ್‌ಗಳು ದೊಡ್ಡ ಹೆಸರಿಲ್ಲದೆಯೂ ಚೆನ್ನಾಗಿರುತ್ತವೆ. 400ರಿಂದ 700ರ ಒಳಗೆ ಬೇಸಿಗೆಗೆ ಬೇಕಾದದ್ದು ಸಿಕ್ಕೇ ಸಿಗುತ್ತದೆ, ಬೆಳಕಿಗೆ ಹಿಡಿದು, ಊದಿ, ಕೆನ್ನೆಗೆ ಉಜ್ಜಿ ನೋಡುವ ತಾಳ್ಮೆ ಇದ್ದರೆ.

599ರದ್ದು ನಾಲ್ಕನೇ ಬೇಸಿಗೆಗೆ ಬಂದಿದೆ. ಬ್ಯಾಗಿನ ಪಟ್ಟಿ ತಾಗಿ ಎಡ ಭುಜದಲ್ಲಿ ಎಳೆ ಸವೆದು ಆ ಕಡೆಯ ಬೆರಳು ಕಾಣುತ್ತಿದೆ. ಬರುವ ಶನಿವಾರ ಭಾವ ಬೆಂಗಳೂರಿಗೆ ಬರುತ್ತಾರೆ, ಅವರಿಗೂ ಉಡುಪಿಯಲ್ಲಿ ಓಡಲು ಒಂದು ಬೇಕಂತೆ. ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋಗುತ್ತೇವೆ.